ಗುಜರಿ ಶೆಡ್ಡಿನವರು, ನಮ್ಮ ಬೀದಿಯವರು: ನನ್ನ ಅನುಭವ

ನಿರಾಶ್ರಿತರ ಜೊತೆ ಕೆಲಸ ಮಾಡುತ್ತೇನೆ ಎಂದ ಕೂಡಲೇ ನಾನು ದಿನವೆಲ್ಲ ಅವರ ಶೆಡ್ಡುಗಳಲ್ಲೇ ಇರುತ್ತೇನೆ ಎಂದು ಜನ ಭಾವಿಸುತ್ತಾರೆ. ನನ್ನ ಹೆಚ್ಚಿನ ಹೊತ್ತು ಕಳೆಯುವುದು ರಸ್ತೆಯ ಈಚೆ ಬದಿಯಲ್ಲಿ, ಹಾಲಿನ ಬೂತಿನ ಮುಂದೆ, ಹಿಟ್ಟಿನ ಗಿರಣಿಯಲ್ಲಿ, ಅಂಗನವಾಡಿಯ ಜಗಲಿಯಲ್ಲಿ. ಬಂದವರಿಗೆ ಅಕ್ಕಿ, ಹೊದಿಕೆ ಕೊಡುವವರು ಹೇಗಾದರೂ ಸಿಗುತ್ತಾರೆ. ಆದರೆ ಅವರು ನೆಮ್ಮದಿಯಾಗಿ ಬಾಳುತ್ತಾರೋ, ರಾತ್ರೋರಾತ್ರಿ ಗಂಟುಮೂಟೆ ಕಟ್ಟುತ್ತಾರೋ ಎಂಬುದು ಪಕ್ಕದ ಬೀದಿಯವರ ಕೈಯಲ್ಲಿದೆ. ಆ ಬೀದಿಯವರ ಜೊತೆ ಕುಳಿತು ಮಾತಾಡುವವರು ಯಾರೂ ಇರಲಿಲ್ಲ. ನಾನು ಹಿಡಿದದ್ದು ಆ ಕೆಲಸವನ್ನು.

ಬೆಂಗಳೂರಿನ ಉತ್ತರದ ಅಂಚಿನಲ್ಲಿ ಹಳ್ಳಿಯಾಗಿದ್ದು ಈಗ ಬಡಾವಣೆಯಾಗಿರುವ ಜಾಗ ಅದು. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಒಬ್ಬರ ಖಾಲಿ ಜಮೀನಿನಲ್ಲಿ ತಗಡು, ಟಾರ್ಪಾಲಿನ ಶೆಡ್ಡುಗಳು; ಸುತ್ತ ಬಾಟಲಿ, ರಟ್ಟು, ಹಾಲಿನ ಪ್ಯಾಕೆಟ್ಟುಗಳ ಗುಡ್ಡೆ. ಒಂದು ಸಾಲಿನಲ್ಲಿ ರೊಹಿಂಗ್ಯಾ ಕುಟುಂಬಗಳು, ಅದರ ಬೆನ್ನಿಗೆ ಪಶ್ಚಿಮ ಬಂಗಾಳದ ನದಿಯಾ, ಮುರ್ಶಿದಾಬಾದ್ ಕಡೆಯ ಗುಜರಿ ಆಯುವವರು, ಮೂಲೆಯಲ್ಲಿ ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ನೋಡುವವರಿಗೆ ಯಾದಗಿರಿಯ ಅಜ್ಜನೂ ಸೇರಿ ಎಲ್ಲರೂ ‘ಬಾಂಗ್ಲಾದವರು’.

ಬಹುಪಾಲು ಮುಸ್ಲಿಮರಾದ ಈ ರೊಹಿಂಗ್ಯಾಗಳು ಬಂದದ್ದು ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದಿಂದ. 1982ರ ಪೌರತ್ವ ಕಾನೂನು ಅವರನ್ನು ತಮ್ಮ ನೆಲದಲ್ಲೇ ಪೌರರಲ್ಲದವರನ್ನಾಗಿ ಮಾಡಿತು. ನಮ್ಮಲ್ಲಿಗೆ ಬಂದವರಲ್ಲಿ ಕೆಲವರು 2012ರ ಗಲಭೆಯ ನಂತರ ಹೊರಟವರು, ಕೆಲವರು 2017ರ ಆಗಸ್ಟ್‌ನ ಸೇನಾ ಕಾರ್ಯಾಚರಣೆಯ ನಂತರದವರು. ಆ ಸಲ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿ ಕಾಕ್ಸ್ ಬಜಾರಿನ ಗುಡ್ಡಗಳಲ್ಲಿ ನೆಲೆನಿಂತರು. ಮ್ಯಾನ್ಮಾರ್‌ನಲ್ಲಿ ದ್ವೇಷ ಹರಡಿದ್ದರಲ್ಲಿ ಫೇಸ್‌ಬುಕ್‌ನ ಪಾತ್ರ ಎಷ್ಟು ದೊಡ್ಡದಿತ್ತು ಎಂಬುದನ್ನು ವಿಶ್ವಸಂಸ್ಥೆಯ ತನಿಖಾ ತಂಡವೇ 2018ರಲ್ಲಿ ಹೇಳಿತು. ತಡೆಯಲು ತಾನು ಸಾಕಷ್ಟು ಮಾಡಲಿಲ್ಲವೆಂದು ಕಂಪನಿಯೂ ಅದೇ ವರ್ಷ ಒಪ್ಪಿಕೊಂಡಿತು. ಮೊಬೈಲಿನಲ್ಲಿ ಹರಿದ ಮಾತು ಮನೆಗೆ ಬೆಂಕಿಯಾಗಿ ಬಂದುದನ್ನು ಕಂಡವರು ಇವರು. ನಮ್ಮ ಬೀದಿಯ ವಾಟ್ಸ್‌ಆಪ್ ಗುಂಪುಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರುವುದು ಇದಕ್ಕಾಗಿ.

ಮೊದಲ ಸಭೆಯಲ್ಲಿ ನಾನು ಈ ಕಥೆಯನ್ನು ಹೇಳಲಿಲ್ಲ. ತಮ್ಮ ಮನೆ ಮುಂದೆ ಚರಂಡಿ ಕಟ್ಟಿಕೊಂಡಿರುವವರಿಗೆ ಬೇರೆ ದೇಶದ ಸಂಕಟ ಹೇಳಹೊರಟರೆ ಅವರು ಕೇಳುವುದಾದರೂ ಏಕೆ? ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆರೆದು, ‘ಶೆಡ್ಡಿನವರಿಂದ ನಿಮಗೆ ಏನು ತೊಂದರೆ, ಹೇಳಿ, ಬರೆದುಕೊಳ್ಳುತ್ತೇನೆ’ ಎಂದೆ. ಮಾತು ಉಕ್ಕಿ ಬಂತು. ರಾತ್ರಿ ಪ್ಲಾಸ್ಟಿಕ್ ಸುಡುತ್ತಾರೆ, ಮಕ್ಕಳಿಗೆ ಕೆಮ್ಮು. ಟ್ಯಾಂಕರ್ ರಸ್ತೆಗೆ ಅಡ್ಡ ನಿಲ್ಲುತ್ತದೆ. ಇಲಿ ಹೆಚ್ಚಾಗಿವೆ. ನಮ್ಮ ರೇಷನ್ ತಿನ್ನುತ್ತಾರೆ. ಓಟು ಹಾಕುತ್ತಾರೆ. ಮಕ್ಕಳನ್ನು ಕದಿಯುತ್ತಾರೆ. ಉಗ್ರರು.

ಪ್ರತಿಯೊಂದಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಇದು ನೀವು ಕಂಡದ್ದೋ, ಕೇಳಿದ್ದೋ?’ ಕಂಡದ್ದನ್ನು ಎಡಪುಟದಲ್ಲಿ, ಕೇಳಿದ್ದನ್ನು ಬಲಪುಟದಲ್ಲಿ ಬರೆದೆ. ಯಾರನ್ನೂ ಅಲ್ಲಗಳೆಯಲಿಲ್ಲ, ವಾದಕ್ಕೆ ಇಳಿಯಲಿಲ್ಲ. ಹೊಗೆ, ಟ್ಯಾಂಕರ್, ಇಲಿ ಎಡಕ್ಕೆ ಬಂದವು. ಮಕ್ಕಳ ಕಳ್ಳತನದ ಸರದಿ ಬಂದಾಗ ಹೇಳಿದಾತ ಒಂದು ಕ್ಷಣ ತಡೆದು, ‘ಕೇಳಿದ್ದು’ ಎಂದ. ಹಿಂದೆ ಕುಳಿತಿದ್ದ ಹಿರಿಯಾಕೆಯೊಬ್ಬರು, ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ, ನೀನು ಕಿವಿಯಲ್ಲಿ ಕೇಳಿದ್ದನ್ನೇ ಊರಿಗೆಲ್ಲ ಹಂಚುತ್ತೀಯಲ್ಲ’ ಎಂದರು. ನಾನು ಗಂಟೆಗಟ್ಟಲೆ ಭಾಷಣ ಮಾಡಿದ್ದರೂ ಆ ಮಾತಿನ ತೂಕ ಬರುತ್ತಿರಲಿಲ್ಲ.

ಎಡಪುಟದ ಕೆಲಸವನ್ನು ಮೊದಲು ಕೈಗೆತ್ತಿಕೊಂಡೆವು, ಏಕೆಂದರೆ ಆ ದೂರುಗಳು ನಿಜವಾಗಿದ್ದವು. ಹೊಗೆಯ ಮೂಲ ಹುಡುಕಿದಾಗ ತಿಳಿದದ್ದಿಷ್ಟು: ಬಾಟಲಿ, ರಟ್ಟು, ಕಬ್ಬಿಣಕ್ಕೆ ಬೆಲೆಯಿದೆ; ಚಿಪ್ಸ್, ಶಾಂಪೂ ಪೊಟ್ಟಣದಂತಹ ಪದರ ಪದರದ ಪ್ಲಾಸ್ಟಿಕ್ಕನ್ನು ಗುಜರಿಯ ಯಜಮಾನ ಕೊಳ್ಳುವುದಿಲ್ಲ. ಗುಡ್ಡೆ ಬೆಳೆದರೆ ಜಮೀನಿನವರು ಬೈಯುತ್ತಾರೆ. ಹಾಗಾಗಿ ಕತ್ತಲಾದ ಮೇಲೆ ಬೆಂಕಿ. ಅದರ ಹೊಗೆ ಮೊದಲು ಹೋಗುತ್ತಿದ್ದದ್ದು ಅವರದೇ ಮಕ್ಕಳ ಎದೆಗೆ. ಅಂಥ ಪ್ಲಾಸ್ಟಿಕ್ಕನ್ನು ಸಿಮೆಂಟ್ ಕಾರ್ಖಾನೆಗಳು ಉರುವಲಾಗಿ ಬಳಸುತ್ತವೆ. ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರದವರ ಜೊತೆ ಹಲವು ಸಲ ಕುಳಿತು, ಅದನ್ನು ಬೇರೆ ಚೀಲದಲ್ಲಿ ಕಟ್ಟಿಟ್ಟರೆ ಅವರ ಗಾಡಿ ಬಂದು ಒಯ್ಯುವಂತೆ ಮಾಡಿದೆವು. ಮಾತಿಗೆ ಹೋದಾಗ ನನ್ನ ಜೊತೆ ಬಂದವರು ಹೊಗೆಯ ಬಗ್ಗೆ ಅತಿ ಜೋರಾಗಿ ಕೂಗಾಡಿದ್ದ ಗಿರಣಿಯ ಮಾಲೀಕರೇ. ಅವರ ಕೂಗಾಟಕ್ಕೆ ನ್ಯಾಯವಿತ್ತು. ಅದಕ್ಕೊಂದು ದಾರಿ ಸಿಕ್ಕ ಮೇಲೆ ಬಲಪುಟದ ಮಾತುಗಳನ್ನು ಅವರು ತಾವಾಗಿಯೇ ಬಿಟ್ಟರು. ದ್ವೇಷದ ಮಾತು ಬರಿಗಾಲಲ್ಲಿ ಬರುವುದಿಲ್ಲ, ಯಾವುದೋ ನಿಜವಾದ ಕಿರಿಕಿರಿಯ ಚಪ್ಪಲಿ ಮೆಟ್ಟಿಕೊಂಡೇ ಬರುತ್ತದೆ. ಚಪ್ಪಲಿ ಕಸಿದುಕೊಂಡರೆ ಅದು ಬಹಳ ದೂರ ನಡೆಯಲಾರದು.

ಈ ಪರಿಚಯ ಕೈಹಿಡಿದದ್ದು 2018ರ ಮೇ ತಿಂಗಳಲ್ಲಿ. ನೂರಾರು ಮಕ್ಕಳ ಕಳ್ಳರು ಬೆಂಗಳೂರಿಗೆ ಇಳಿದಿದ್ದಾರೆ ಎಂಬ ಸಂದೇಶ ಎಲ್ಲರ ಮೊಬೈಲಿನಲ್ಲಿತ್ತು. ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಕಟ್ಟಿ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿ ಹೈದರಾಬಾದಿನ ಎಂಜಿನಿಯರ್ ಒಬ್ಬರ ಜೀವ ಹೋಯಿತು. ಸಂದೇಶದ ಜೊತೆಗೆ ಒಂದು ವಿಡಿಯೊ ಇತ್ತು: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ.

ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಮಾಡಿದ ಚಿತ್ರ. ಪೂರ್ತಿ ನೋಡಿದರೆ ಬೈಕಿನವರು ಹಿಂತಿರುಗಿ ಬಂದು, ಮಗುವನ್ನು ಇಳಿಸಿ, ಬರಹದ ಫಲಕವೊಂದನ್ನು ಎತ್ತಿ ಹಿಡಿಯುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಬಿಟ್ಟಿದ್ದರು. ಪೂರ್ತಿ ಚಿತ್ರ ಸಿಕ್ಕಿತು. ನಾನೇ ಗುಂಪಿಗೆ ಹಾಕಬಹುದಿತ್ತು, ಹಾಕಲಿಲ್ಲ. ಗಿರಣಿಯ ಮಾಲೀಕರ ಮೊಬೈಲಿಗೆ ಕಳಿಸಿದೆ. ಹಿಟ್ಟು ಬೀಸಿಸಲು ಬಂದ ಹೆಂಗಸರಿಗೆ ಅವರು ಮೊದಲು ಕತ್ತರಿಸಿದ ತುಣುಕನ್ನು ತೋರಿಸಿ, ‘ಇದೇ ತಾನೇ ನಿಮಗೂ ಬಂದದ್ದು?’ ಎಂದು ಕೇಳಿ, ಆಮೇಲೆ ಪೂರ್ತಿ ಚಿತ್ರ ಹಾಕುತ್ತಿದ್ದರು. ಮಗು ಕೆಳಗಿಳಿಯುವಲ್ಲಿಗೆ ಬಂದಾಗ ವಿಡಿಯೊ ನಿಲ್ಲಿಸಿ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಹೆಂಗಸರಿಗೆ ಸಮಾಧಾನಕ್ಕಿಂತ ಸಿಟ್ಟು ಹೆಚ್ಚು ಬಂತು, ತಮಗೆ ಯಾರೋ ಮೋಸ ಮಾಡಿದ್ದಾರೆ ಎಂಬ ಸಿಟ್ಟು. ಆ ಸಂಜೆ ಸ್ತ್ರೀಶಕ್ತಿ ಸಂಘದ ಗುಂಪಿಗೆ ಧ್ವನಿ ಸಂದೇಶ ಹಾಕಿದವರು ಅವರಲ್ಲೇ ಒಬ್ಬರು. ಗುಜರಿ ಆಯಲು ಹೋಗುವ ಹೆಂಗಸರಿಗೆ ಕೆಲವು ದಿನ ಒಬ್ಬೊಬ್ಬರೇ ತಿರುಗಬೇಡಿ, ಮಕ್ಕಳಿಗೆ ಏನನ್ನೂ ಕೊಡಬೇಡಿ ಎಂದು ಹೇಳಬೇಕಾಗಿ ಬಂದದ್ದು ಮಾತ್ರ ನನಗೆ ಇಂದಿಗೂ ನೋವಿನ ಸಂಗತಿ.

ಅಂದಿನಿಂದ ನಾವು ನಡೆಸಿಕೊಂಡು ಬಂದಿರುವ ಪದ್ಧತಿ ಇದು. ಸುಳ್ಳು ಸಂದೇಶವನ್ನು ‘ಇದು ಸುಳ್ಳು’ ಎಂದು ಬರೆದೂ ಮುಂದಕ್ಕೆ ಕಳಿಸುವುದಿಲ್ಲ. ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ, ಮೇಲಿನ ಒಕ್ಕಣೆ ಮರೆತುಹೋಗುತ್ತದೆ. ನಿಜ ಏನು ಎಂಬುದನ್ನೇ ಮೊದಲ ಸಾಲಿನಲ್ಲಿ ಹೇಳುತ್ತೇವೆ. ಬರಹಕ್ಕಿಂತ ಧ್ವನಿ ಮೇಲು, ಅದೂ ಊರಿನವರು ಗುರುತು ಹಿಡಿಯುವ ಧ್ವನಿ. ಸಂದೇಶ ಹಾಕಿದವರನ್ನು ಗುಂಪಿನಲ್ಲಿ ಎಲ್ಲರೆದುರು ಹಳಿಯದೆ ನೇರವಾಗಿ ಫೋನ್ ಮಾಡುತ್ತೇವೆ. ಹೆಚ್ಚಿನವರು ಹೆದರಿ ಹಂಚಿದವರೇ. ಮಾನ ಉಳಿಸಿಕೊಂಡು ಹಿಂದೆ ಸರಿಯಲು ಅವಕಾಶ ಕೊಟ್ಟರೆ ಸರಿಯುತ್ತಾರೆ. ‘ಹೊಡೆಯಿರಿ’, ‘ಓಡಿಸಿ’, ‘ಅಂಗಡಿಯಲ್ಲಿ ಸಾಮಾನು ಕೊಡಬೇಡಿ’ ಎನ್ನುವ ಮಾತು ಬಂದಾಗ ಫೋನೂ ಇಲ್ಲ, ಸಮಾಧಾನವೂ ಇಲ್ಲ. ಪರದೆಯ ಚಿತ್ರ ತೆಗೆದು, ದಿನಾಂಕ, ಸಮಯ ಬರೆದು, ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುತ್ತೇವೆ. ದ್ವೇಷ ಹರಡುವ ಮಾತಿಗೆ ಹಿಂದೆ ಭಾರತೀಯ ದಂಡ ಸಂಹಿತೆಯ 153ಎ, 505ನೇ ಕಲಮುಗಳಿದ್ದವು; ಈಗ ಭಾರತೀಯ ನ್ಯಾಯ ಸಂಹಿತೆಯ 196, 353ನೇ ಕಲಮುಗಳು. ದ್ವೇಷ ಭಾಷಣ ಕಂಡರೆ ದೂರು ಬರಲೆಂದು ಕಾದು ಕೂರದೆ ಪೊಲೀಸರು ತಾವೇ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ಆ ಆದೇಶದ ಪ್ರತಿ ನನ್ನ ಚೀಲದಲ್ಲಿ ಸದಾ ಇರುತ್ತದೆ.

ರೇಷನ್ ಮತ್ತು ಓಟಿನ ಮಾತಿಗೆ ಉತ್ತರ ಕೊಟ್ಟದ್ದು ಒಂದು ಕಾರ್ಡು. ಅಂಗನವಾಡಿಯ ಜಗಲಿಯಲ್ಲಿ ಮಗುವಿಗೆ ಲಸಿಕೆ ಹಾಕಿಸಲು ಬಂದಿದ್ದ ತಾಯಿಯೊಬ್ಬಳು ಪ್ಲಾಸ್ಟಿಕ್ ಕವರಿನೊಳಗೆ, ಅದರ ಮೇಲೆ ಇನ್ನೊಂದು ಕವರು ಸುತ್ತಿ ಇಟ್ಟಿದ್ದ ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡನ್ನು ಬಿಚ್ಚಿ ತೋರಿಸಿದಳು. ದೆಹಲಿಯ ಕಚೇರಿ ಕೊಟ್ಟದ್ದು. ಹುಟ್ಟಿದ ದಿನ ಜನವರಿ 1. ಗಂಡನದೂ ಜನವರಿ 1. ದಾಖಲೆಯಿಲ್ಲದೆ ಬಂದವರಿಗೆ ವರ್ಷ ಅಂದಾಜು ಮಾಡಿ ಹಾಗೆ ಬರೆಯುತ್ತಾರೆ. ಸುತ್ತ ನಿಂತಿದ್ದ ನಮ್ಮ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಈ ಕಾರ್ಡಿಗೆ ಪಡಿತರ ಇಲ್ಲ, ಇದನ್ನು ತೋರಿಸಿ ಆಧಾರ್ ಮಾಡಿಸಲು ಬರುವುದಿಲ್ಲ, ಮತ ಹಾಕಲು ಬರುವುದಿಲ್ಲ ಎಂದು ಹೇಳಿದೆ. ಒಬ್ಬಾಕೆ, ‘ಮತ್ತೆ ಯಾಕೆ ಇಷ್ಟು ಜೋಪಾನ?’ ಎಂದು ಕೇಳಿದಳು. ತಾಯಿ ಮುರುಕು ಹಿಂದಿಯಲ್ಲಿ, ‘ನನ್ನ ಹೆಸರು ಬರೆದಿರುವ ಕಾಗದ ಇದೊಂದೇ’ ಎಂದಳು.

ಕಾನೂನಿನ ವಿಷಯವನ್ನು ನಾನು ಬೀದಿಯವರಿಂದ ಮುಚ್ಚಿಡುವುದಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ರೊಹಿಂಗ್ಯಾಗಳನ್ನು ಕೇಂದ್ರ ಸರ್ಕಾರ ಅಕ್ರಮವಾಗಿ ಬಂದವರೆಂದೇ ನೋಡುತ್ತದೆ. ಗಡೀಪಾರಿಗೆ ತಡೆ ಕೊಡಲು ಸುಪ್ರೀಂ ಕೋರ್ಟ್ 2021ರಲ್ಲಿ ಒಪ್ಪಲಿಲ್ಲ. ಇದನ್ನೆಲ್ಲ ಹೇಳಿ, ಸಂವಿಧಾನದ 21ನೇ ವಿಧಿ ಪೌರರಿಗೆ ಮಾತ್ರವಲ್ಲ, ಈ ನೆಲದ ಮೇಲಿರುವ ಎಲ್ಲರ ಜೀವಕ್ಕೂ ಅನ್ವಯಿಸುತ್ತದೆ ಎಂದೂ ಹೇಳುತ್ತೇನೆ. ಯಾರು ಇರಬೇಕು, ಯಾರು ಹೋಗಬೇಕು ಎಂಬುದನ್ನು ತೀರ್ಮಾನಿಸಲು ಕಾನೂನಿದೆ; ಬೀದಿಯ ಜನ ಕೋಲು ಹಿಡಿಯಲು ಯಾವ ಕಾನೂನೂ ಇಲ್ಲ. ಅರ್ಧ ಸತ್ಯ ಹೇಳಿ ಗಳಿಸಿದ ಒಪ್ಪಿಗೆ ಮುಂದಿನ ಟಿವಿ ಚರ್ಚೆಯವರೆಗೂ ನಿಲ್ಲುವುದಿಲ್ಲ.

ಊರಿನ ಕೆಲವರನ್ನು ಬೈಲುಕುಪ್ಪೆಗೆ ಕರೆದುಕೊಂಡು ಹೋಗಿದ್ದೆ. ಅವರು ಚಿನ್ನದ ದೇವಸ್ಥಾನ ನೋಡುವ ಹುಮ್ಮಸ್ಸಿನಲ್ಲಿ ಬಂದರು, ನನಗೆ ಬೇಕಿದ್ದದ್ದು ಮುಸುಕಿನ ಜೋಳದ ಹೊಲಗಳು. 1960ರ ಹೊತ್ತಿಗೆ ಆಗಿನ ಮೈಸೂರು ಸರ್ಕಾರ ಟಿಬೆಟಿಯನ್ ನಿರಾಶ್ರಿತರಿಗೆ ಇಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. 1966ರಲ್ಲಿ ಮುಂಡಗೋಡಿನಲ್ಲೂ ನೆಲೆ ಸಿಕ್ಕಿತು. ಹಿಮದ ನಾಡಿನವರು ಇಲ್ಲಿನ ಕಾಡು ಕಡಿದು, ಆನೆಗಳ ಕಾಟ ಸಹಿಸಿ ಹೊಲ ಮಾಡಿದರು. ಕುಶಾಲನಗರದ ಅಂಗಡಿ ಬೀದಿ ಬೆಳೆದದ್ದರಲ್ಲಿ ಅವರ ಪಾಲೂ ಇದೆ. ಟಿಬೆಟಿಯನ್ ಅಜ್ಜಿಯೊಬ್ಬರು ನಿರರ್ಗಳ ಕನ್ನಡದಲ್ಲಿ ಮಳೆ ಬರಲಿಲ್ಲವೆಂದು ಗೊಣಗಿದಾಗ ನಮ್ಮವರ ಮುಖ ಅರಳಿತು. ಟಿಬೆಟಿಯನ್ನರಿಗೆ ಸರ್ಕಾರವೇ ಭೂಮಿ, ನೋಂದಣಿ ಪತ್ರ ಕೊಟ್ಟಿತು, ರೊಹಿಂಗ್ಯಾಗಳಿಗೆ ಅದೇನೂ ಇಲ್ಲ ಎಂಬ ವ್ಯತ್ಯಾಸವನ್ನು ಬಸ್ಸಿನಲ್ಲಿ ವಾಪಸ್ ಬರುವಾಗ ಒಬ್ಬ ಯುವಕನೇ ಎತ್ತಿದ. ಧರ್ಮ ಬೇರೆಯಾದ್ದರಿಂದ ನಾವು ಬೇರೆ ರೀತಿ ನೋಡುತ್ತಿದ್ದೇವೆಯೇ ಎಂಬ ಪ್ರಶ್ನೆಯೂ ಬಂತು. ನಾನು ಬಾಯಿ ಬಿಡಲಿಲ್ಲ. ರಾಮನಗರ ದಾಟುವವರೆಗೂ ಅವರವರೇ ಜಗಳವಾಡಿಕೊಂಡರು, ಒಳ್ಳೆಯ ಜಗಳ.

2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದ ಗುಡಿಸಲುಗಳನ್ನು, ಅಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗಳು ಎಂಬ ವಿಡಿಯೊ ಹರಿದಾಡಿದ ಬೆನ್ನಿಗೇ ಕೆಡವಿದರು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ಅಸ್ಸಾಂ, ತ್ರಿಪುರಾದವರೂ ಇದ್ದರು. ಹೈಕೋರ್ಟ್ ಮಧ್ಯೆ ಬಂದು ತೆರವು ನಿಲ್ಲಿಸಿತು. ನಮ್ಮಲ್ಲಿ ಯಾದಗಿರಿಯ ಕುಟುಂಬಗಳು ಹೆದರಿ ಮತದಾರರ ಚೀಟಿಯನ್ನು ಬಾಗಿಲಿಗೆ ಅಂಟಿಸಿಕೊಳ್ಳಲು ಹೊರಟವು. ಬೇಡ ಎಂದೆ. ಚೀಟಿಯಿಲ್ಲದ ಬಾಗಿಲು ಯಾವುದೆಂದು ಅದು ತಾನಾಗಿಯೇ ತೋರಿಸಿಕೊಡುತ್ತಿತ್ತು. ಬದಲಿಗೆ ಬೀದಿಯವರು ಸರದಿಯಲ್ಲಿ ಸಂಜೆ ಶೆಡ್ಡುಗಳ ಕಡೆ ಒಂದು ಸುತ್ತು ಹೋಗಿಬರುವ ಪದ್ಧತಿ ಶುರುವಾಯಿತು. ವಿಡಿಯೊ ಮಾಡಲು ಬಂದವರನ್ನು, ‘ಯಾರು ನೀವು, ಯಾರ ಮನೆಗೆ ಬಂದಿರಿ?’ ಎಂದು ಕೇಳಿದರೆ ಸಾಕು, ಹೆಚ್ಚಿನವರು ತಿರುಗಿ ಹೋಗುತ್ತಾರೆ. ನೆರವು ಹಂಚುವವರಿಗೂ ನಮ್ಮ ಷರತ್ತು ಒಂದೇ, ಫೋಟೊ ತೆಗೆಯಕೂಡದು. ಆ ಫೋಟೊ ನಾಳೆ ಯಾವ ಒಕ್ಕಣೆಯೊಂದಿಗೆ ಯಾವ ಗುಂಪಿಗೆ ಹೋಗುತ್ತದೋ ಹೇಳಲಾಗದು.

ಈಗ ಕೈಯಲ್ಲಿರುವುದು ಶಾಲೆಯ ಕೆಲಸ. ಒಂದು ಶಾಲೆಯಲ್ಲಿ ಆಧಾರ್ ಇಲ್ಲವೆಂದು ಮಕ್ಕಳನ್ನು ವಾಪಸ್ ಕಳಿಸಿದ್ದರು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿಯೊಂದು ಮಗುವಿನ ಮಾತಾಡುತ್ತದೆ, ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ. ರೊಹಿಂಗ್ಯಾ ಮಕ್ಕಳು ಸರ್ಕಾರಿ ಶಾಲೆಗೆ ಪ್ರವೇಶ ಕೇಳಬಹುದು, ಕೊಡದಿದ್ದರೆ ಹೈಕೋರ್ಟಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಹೇಳಿದ ಮೇಲೆ ಮಾತು ಸ್ವಲ್ಪ ಸುಲಭವಾಗಿದೆ. ಆದರೂ ಮುಖ್ಯೋಪಾಧ್ಯಾಯರ ಮುಂದೆ ನಾನು ಒಬ್ಬಳೇ ಹೋಗುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಊರಿನ ತಾಯಂದಿರು ಜೊತೆಗಿರಬೇಕು, ಮಾತನ್ನು ಅವರೇ ತೆಗೆಯಬೇಕು. ಭಾನುವಾರದ ಕನ್ನಡ ತರಗತಿಯಲ್ಲಿ ಕಾಗುಣಿತ ಮುಗಿಸಿದ ಮಕ್ಕಳ ಪಟ್ಟಿಯನ್ನು ಅಂಗನವಾಡಿ ಶಿಕ್ಷಕಿ ಮಾಡುತ್ತಿದ್ದಾರೆ. ಜೂನ್ ಮೊದಲ ವಾರದಲ್ಲಿ ಆ ಪಟ್ಟಿ ಹಿಡಿದು ಎಲ್ಲರೂ ಒಟ್ಟಿಗೆ ಶಾಲೆಗೆ ಹೋಗುತ್ತೇವೆ.