ಟರ್ನ್‌ಟೇಬಲ್‌ಗೆ ಆಂಪ್ಲಿಫೈಯರ್ ತಗೊಳ್ಳುವ ಮುಂಚೆ

ಬದಿಯಡ್ಕದ ಮನೆಯ ಅಟ್ಟದಿಂದ ಅಜ್ಜನ ಟರ್ನ್‌ಟೇಬಲ್ ಇಳಿಸಿ, ಆಂಪ್ಲಿಫೈಯರ್‌ನ ಆಕ್ಸ್‌ಗೆ (ಫೋನ್, ಸಿಡಿ ಪ್ಲೇಯರ್ ಸಿಕ್ಕಿಸುವ ಸಾಮಾನ್ಯ ಸಾಕೆಟ್) ಚುಚ್ಚಿದೆ. ಭಾಗವತರ ಪದ ಪಕ್ಕದ ತೋಟದಿಂದ ಬಂದ ಹಾಗೆ ಕೇಳಿಸಿತು. ಮದ್ದಳೆಯಂತೂ ಇಲ್ಲವೇ ಇಲ್ಲ! ಆಂಪ್ಲಿಫೈಯರನ್ನು ಸುಮ್ನೆ ಬೈದೆ.

ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಡ್ಜ್‌ನಿಂದ, ಅಂದರೆ ಮುಳ್ಳು ಕೂತಿರುವ ಸಾಮಾನ್ಯ ಬಗೆಯ ಪುಟ್ಟ ತಲೆಯಿಂದ, ಬರುವುದು 3ರಿಂದ 5 ಮಿಲಿವೋಲ್ಟ್ ಅಷ್ಟೇ. ಆಕ್ಸ್‌ಗೆ ಅದರ ನೂರು ಪಟ್ಟಾದರೂ ಬೇಕು. ಸಾಲದ್ದಕ್ಕೆ, ರೆಕಾರ್ಡ್ ಕೊರೆಯುವಾಗಲೇ ಬೇಸ್ ಇಳಿಸಿ ಟ್ರೆಬಲ್ ಏರಿಸಿರುತ್ತಾರೆ. ಆ ಸಣ್ಣ ಸಿಗ್ನಲನ್ನು ಹಿಗ್ಗಿಸಿ, ಇದನ್ನೂ ವಾಪಸ್ ಸರಿ ಮಾಡುವುದು ಫೋನೋ ಪ್ರಿಆಂಪ್ ಅನ್ನುವ ಸರ್ಕ್ಯೂಟ್‌ನ ಕೆಲಸ. ಹಾಗಾಗಿ ಎಷ್ಟು ವಾಟ್ ಅಂತ ಕೇಳುವ ಮೊದಲು, ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ ‘ಫೋನೋ’ ಅಂತ ಬರೆದ ಸಾಕೆಟ್ ಇದೆಯಾ ನೋಡಿ; ಇದ್ದರೆ ಪ್ರಿಆಂಪ್ ಒಳಗೇ ಇದೆ ಅಂತ ಅರ್ಥ. ಇಲ್ಲದಿದ್ದರೆ ಪ್ರಿಆಂಪ್ ಬೇರೆ ತಗೊಳ್ಳಿ. ಎಂಎಂಗೆ 47 ಕಿಲೋಓಮ್ ಇನ್‌ಪುಟ್ ಇಂಪಿಡೆನ್ಸ್ (ಸಿಗ್ನಲ್ ಒಳಹೋಗುವ ಕಡೆಯ ತಡೆ), ಸುಮಾರು 40 ಡೆಸಿಬೆಲ್ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಇದ್ದರೆ ಸಾಕು. ಇನ್ನೂ ಕಮ್ಮಿ ವೋಲ್ಟೇಜ್ ಕೊಡುವ ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಡ್ಜ್‌ಗೆ 60ರ ಹತ್ತಿರ ಬೇಕು, ದುಡ್ಡೂ ಜಾಸ್ತಿ. ಟರ್ನ್‌ಟೇಬಲ್ ಒಳಗೇ ಪ್ರಿಆಂಪ್ ಇದ್ದರೆ ಮತ್ತೆ ಫೋನೋ ಸಾಕೆಟ್‌ಗೆ ಹಾಕಬೇಡಿ, ಸ್ವರ ಒಡೆಯುತ್ತದೆ.

ವಾಟ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಚಾವಡಿಗೆ 30 ವಾಟ್ ಧಾರಾಳ.

ಗುಂಯ್ ಅಂತ ಸದ್ದು ಬಂದರೆ ಮೊದಲು ಟರ್ನ್‌ಟೇಬಲ್‌ನಿಂದ ಆಂಪ್ಲಿಫೈಯರ್‌ಗೋ ಪ್ರಿಆಂಪ್‌ಗೋ ಹೋಗುವ ಗ್ರೌಂಡ್ ತಂತಿ ನೋಡಿ. ನನ್ನದಕ್ಕೆ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿದಿತ್ತು. ಬ್ಲೇಡಿನಲ್ಲಿ ಕೆರೆದು ಸ್ಕ್ರೂ ಬಿಗಿ ಮಾಡಿದೆ, ನಿಂತೇಹೋಯಿತು.