ಹಳೆಯ ಇಂಗ್ಲಿಷ್ ಮರದ ಗೊಂಬೆಯ ಉಡುಪನ್ನು ಪರಿಶೀಲಿಸುವುದು ಹೇಗೆ?

18ನೇ ಶತಮಾನದ ಇಂಗ್ಲಿಷ್ ಮರದ ಗೊಂಬೆ ಕೈಗೆ ಬಂದರೆ ನಾನು ಮೊದಲು ನೋಡುವುದು ಮುಖವನ್ನಲ್ಲ, ಲಂಗದ ಒಳಮಡಿಕೆಯನ್ನು. ಬೆಳಕು ತಾಗದ ಅಲ್ಲಿ ರೇಷ್ಮೆಯ ಮೂಲ ಬಣ್ಣ ಉಳಿದಿರುತ್ತದೆ, ಎಷ್ಟು ಚೆಂದ! ಭೂತಗನ್ನಡಿ ಹಿಡಿದು ಹೊಲಿಗೆ ನೋಡಿ. ಯಂತ್ರದ ಹೊಲಿಗೆಯಿದ್ದರೆ ಆ ಭಾಗ ಆಮೇಲೆ ಸೇರಿದ್ದು.

ಬಟ್ಟೆ ಬಿಚ್ಚುವ ಆತುರ ಬೇಡವೇ ಬೇಡ. ಎಷ್ಟೋ ಉಡುಪುಗಳನ್ನು ಗುಂಡುಸೂಜಿಯಿಂದ ಮೈಗೇ ಸಿಕ್ಕಿಸಿರುತ್ತಾರೆ. ತುಕ್ಕು ಹಿಡಿದ ಸೂಜಿ ಎಳೆದರೆ ರೇಷ್ಮೆ ಹರಿಯುತ್ತದೆ. ಆ ಕೆಲಸ ಜವಳಿ ಸಂರಕ್ಷಕರಿಗೇ ಬಿಡಿ. ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಣ್ಣದಡಿಯ ಸೀಮೆಸುಣ್ಣ–ಅಂಟಿನ ಲೇಪ ನೀರಿಗೆ ಮೆತ್ತಗಾಗುತ್ತದೆ. ಗೊಂಬೆಯ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಮೀರದಿರಲಿ.

ಉಡುಪಿನ ಪದರಗಳನ್ನು ಅರಿಯಲು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಲಾರ್ಡ್ ಮತ್ತು ಲೇಡಿ ಕ್ಲಾಪಮ್ ಎಂಬ ಮರದ ಗೊಂಬೆಗಳ ಜೋಡಿಯನ್ನು ಗಮನಿಸಿ: 1690ರ ದಶಕದ ಫ್ಯಾಷನ್, ಒಳಉಡುಪಿನ ಸಮೇತ.