ತಂಜಾವೂರಿನಿಂದ ವೇಳಾಂಗಣಿಗೆ: ಎಂಟು ಜನರ ಕಾಲ್ನಡಿಗೆ ಯಾತ್ರೆ ನಡೆಸುವ ಬಗೆ

ಬೆಂಗಳೂರಿನಿಂದಲೇ ಕಾವಿ ಉಟ್ಟು, ತಮಿಳುನಾಡಿನ ಕಡಲತೀರದಲ್ಲಿರುವ ಮರಿಯಮ್ಮನ ಕ್ಷೇತ್ರ ವೇಳಾಂಗಣಿಗೆ ನಡೆದು ಹೋಗುವವರಿದ್ದಾರೆ. ಅಷ್ಟು ರಜೆ ಎಲ್ಲರಿಗೂ ಸಿಗದು. ಹಾಗಾಗಿ ನಾವು ಧರ್ಮಕೇಂದ್ರದ (ನಮ್ಮ ಚರ್ಚಿನ) ಸಣ್ಣ ಗುಂಪನ್ನು ತಂಜಾವೂರಿನವರೆಗೆ ರೈಲಿನಲ್ಲಿ ಕರೆದೊಯ್ದು, ಅಲ್ಲಿಂದ ನೀಡಾಮಂಗಲಂ, ತಿರುವಾರೂರು, ನಾಗಪಟ್ಟಣದ ಮೇಲೆ ನಡೆಸುತ್ತೇವೆ. ಸುಮಾರು 95 ಕಿ.ಮೀ., ನಾಲ್ಕು ದಿನ.

ಆಗಸ್ಟ್ 29ರ ಧ್ವಜಾರೋಹಣದಿಂದ ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬದವರೆಗೆ ಹೊಸಬರನ್ನು ಕರೆದೊಯ್ಯಬೇಡಿ. ಆ ಜನಜಂಗುಳಿಯಲ್ಲಿ ಗುಂಪು ಚದುರುತ್ತದೆ, ಕೋಣೆ ಸಿಗುವುದಿಲ್ಲ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಆ ಕಡೆ ಹಿಂಗಾರು ಮಳೆ. ಪೊಂಗಲ್ ಮುಗಿದ ಮೇಲೆ ಬೂದಿ ಬುಧವಾರದೊಳಗೆ (ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ದಿನ) ಹೊರಟರೆ ಒಳ್ಳೆಯದು. ಎಂಟು ಜನ ಸಾಕು. ಹನ್ನೆರಡು ದಾಟಿದರೆ ತಾನಾಗಿಯೇ ಎರಡು ಗುಂಪಾಗುತ್ತದೆ.

ನಾವು ಗುರುವಾರ ನಡಿಗೆ ಶುರು ಮಾಡುತ್ತೇವೆ. ಜಪಸರ ಎಂದರೆ ಮಣಿ ಎಣಿಸುತ್ತ ಹೇಳುವ ಮರಿಯಮ್ಮನ ಪ್ರಾರ್ಥನೆ; ಅದರಲ್ಲಿ ಧ್ಯಾನಿಸುವ ಯೇಸು, ಮರಿಯಮ್ಮನ ಜೀವನದ ಘಟನೆಗಳೇ ರಹಸ್ಯಗಳು. ಆಗ ಜಪಸರದಲ್ಲಿ ಗುರುವಾರ ಬೆಳಕಿನ ರಹಸ್ಯಗಳು, ಶುಕ್ರವಾರ ದುಃಖದವು, ಶನಿವಾರ ಸಂತೋಷದವು, ತಲುಪುವ ಭಾನುವಾರ ಮಹಿಮೆಯವು. ಬೇರೆ ಧ್ಯಾನದ ವಿಷಯ ಹುಡುಕುವ ಅಗತ್ಯವೇ ಇಲ್ಲ.

ಬೆಳಗ್ಗೆ ನಾಲ್ಕಕ್ಕೆ ಹೊರಟು ಹತ್ತರೊಳಗೆ ನಿಲ್ಲಬೇಕು, ಗಂಟೆಗೆ ನಾಲ್ಕು ಕಿ.ಮೀ. ಲೆಕ್ಕ. ನಿಂತ ಕಡೆ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಬರೆದುಕೊಂಡು, ವ್ಯಾನಿನಲ್ಲಿ ಹತ್ತಿರದ ಊರಿನ ಲಾಡ್ಜಿಗೆ ಹೋಗಿ, ಮರುದಿನ ಅದೇ ಕಲ್ಲಿನಿಂದ ಮುಂದುವರಿಯುತ್ತೇವೆ. ಎದುರಿಗೆ ಬರುವ ಲಾರಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಒಬ್ಬರ ಹಿಂದೊಬ್ಬರು ನಡೆಯಬೇಕು. ಮೊದಲಿಗರಿಗೂ ಕೊನೆಯವರಿಗೂ ಹೊಳೆಯುವ ಜಾಕೆಟ್, ಟಾರ್ಚ್ ಕಡ್ಡಾಯ. ಎಲ್ಲರಿಗಿಂತ ನಿಧಾನದವರು ಮುಂದೆ, ಮುಂದಾಳು ಕೊನೆಗೆ. ಮುಂದಾಳು ಮುಂದೆ ನಡೆದರೆ ಯಾರು ಕುಂಟುತ್ತಿದ್ದಾರೆಂದು ಅವರಿಗೆ ಕಾಣುವುದೇ ಇಲ್ಲ.

ಮೊದಲ ಗಂಟೆ ಪೂರ್ತಿ ಮೌನ. ಹಾಡಿಲ್ಲ, ಮೊಬೈಲ್ ಇಲ್ಲ. ಹೊಸ ಮುಂದಾಳುಗಳು ಎಡವುವುದು ಇಲ್ಲಿಯೇ: ಮೌನ ತಡೆಯಲಾರದೆ ಗೀತೆ, ವಾಚನ, ಪ್ರವಚನ ತುರುಕುತ್ತಾರೆ. ಎರಡನೆಯ ಗಂಟೆಯಲ್ಲಿ ಜಪಸರ. ಮುಂದಿನ ನಾಲ್ವರು ಪ್ರಾರ್ಥನೆಯ ಮೊದಲರ್ಧ ‘ನಮೋ ಮರಿಯಾ’ ಎಂದರೆ ಹಿಂದಿನ ನಾಲ್ವರು ಉಳಿದರ್ಧ ‘ಸಂತ ಮರಿಯಾ’ ಎಂದು ಉತ್ತರಿಸುತ್ತಾರೆ. ಉತ್ತರ ತಡವಾಗಿ ಬಂತೆಂದರೆ ಸಾಲು ಉದ್ದವಾಗಿದೆ ಎಂದರ್ಥ. ಆಗ ಕೂಗಿ ಹೇಳುವುದು ಬೇಡ, ಮುಂದಿನವರು ಹೆಜ್ಜೆ ಸಣ್ಣದು ಮಾಡಿದರೆ ಸಾಕು. ಊರಿನವರು ಕೊಟ್ಟ ಕೋರಿಕೆ ಚೀಟಿಗಳನ್ನು ಹತ್ತು ಮಣಿಗೊಂದರಂತೆ ಓದುತ್ತೇವೆ, ಹೆಸರು ಹೇಳದೆ.

ಯಾತ್ರೆ ಕೆಡುವುದು ಹೆಚ್ಚಾಗಿ ಕಾಲಿನಿಂದ. ಹೊಸ ಶೂ ಬೇಡವೇ ಬೇಡ. ಬೆವರು ಹಿಡಿದಿಡುವ ಹತ್ತಿ ಕಾಲುಚೀಲದಿಂದ ಚರ್ಮ ಮೆತ್ತಗಾಗಿ ಬೊಬ್ಬೆ ಏಳುತ್ತದೆ. ಪಾದದಲ್ಲಿ ಎಲ್ಲಾದರೂ ಬಿಸಿ ಅನ್ನಿಸಿದ ಕೂಡಲೇ ನಿಂತು, ಒರೆಸಿ, ಅಂಟುಪಟ್ಟಿ ಹಾಕಿ. ‘ಮುಂದಿನ ಚಹಾ ಅಂಗಡಿಯಲ್ಲಿ ನೋಡೋಣ’ ಎಂದರೆ ಅಷ್ಟರಲ್ಲಿ ಬೊಬ್ಬೆ ಬಂದಿರುತ್ತದೆ. ಗಂಟೆಗೆ ಅರ್ಧ ಲೀಟರ್ ನೀರು. ಲೀಟರಿನ ಓಆರ್‌ಎಸ್ (ಉಪ್ಪು-ಸಕ್ಕರೆಯ ಪುಡಿ) ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು, ಅಂದಾಜಿನ ಮೇಲೆ ಚಿಟಿಕೆ ಹಾಕಬಾರದು.

ಬರಿಗಾಲ ಹರಕೆ ಹೊತ್ತವರು ಬಂದೇ ಬರುತ್ತಾರೆ. ಒಂಬತ್ತು ಗಂಟೆಯ ಮೇಲೆ ಡಾಂಬರು ಸುಡುತ್ತದೆ. ದಿನಕ್ಕೆ ಮೊದಲ ಒಂದು ಕಿಲೋಮೀಟರ್ ಮಾತ್ರ ಬರಿಗಾಲು ಎಂದು ಹೊರಡುವ ಮುನ್ನವೇ ಫಾದರ್ ಕೈಲಿ ಹೇಳಿಸಿದರೆ ಒಪ್ಪುತ್ತಾರೆ. ನಮ್ಮ ಮಾತು ನಡೆಯುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಅದೂ ಬೇಡ.

ಭಾನುವಾರ ತಲುಪಿದ ಮೇಲೆ ಬಲಿಪೂಜೆ (ಚರ್ಚಿನ ಮಾಸ್), ಊಟ, ನಿದ್ದೆ, ಅಷ್ಟೇ. ಮಾತಾ ಕುಳದ (ಮರಿಯಮ್ಮನ ಕೊಳ) ದಾರಿಯ ಮರಳಿನಲ್ಲಿ ಮಂಡಿಯೂರಿ ನಡೆಯುವ ಹರಕೆ ಸೋಮವಾರ ನಸುಕಿನಲ್ಲಿ, ಮರಳು ತಣ್ಣಗಿರುವಾಗ. ದಪ್ಪ ಪ್ಯಾಂಟ್ ಇರಲಿ, ಮಂಡಿನೋವಿನವರು ಪಕ್ಕದಲ್ಲಿ ನಡೆಯಲಿ. ಸಮುದ್ರದ ಸೆಳೆತ ಜೋರು. ಮೊಣಕಾಲಿಗಿಂತ ಆಳಕ್ಕೆ ಯಾರನ್ನೂ ಬಿಡಬೇಡಿ. ವಾಪಸ್ ಟಿಕೆಟ್ ಸೋಮವಾರ ರಾತ್ರಿಯದೇ ಇರಲಿ.